ಕೊಂಡು ತಿದ್ದುವ ಡೀಸೆಲ್ ಇಂಜಿನ್: ಮಾದರಿ ರೈಲು ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಮಾದರಿ ರೈಲಿನ ಹವ್ಯಾಸದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಡಿಮೆ ಬೆಲೆಯ ಡೀಸೆಲ್ ಇಂಜಿನ್ ಕೊಂಡು ಅದನ್ನು ಚೆಂದಗೊಳಿಸುವುದು ಹೇಗೆ ಎಂಬುದನ್ನೇ ಕೇಳಿವೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರ ಪತ್ರಗಳು ಮೊದಲು, ಬೆಂಗಳೂರಿನ ಪತ್ರ ಕೊನೆಗೆ.

ಪ್ರಶ್ನೆ: ನನ್ನ ಹತ್ತು ವರ್ಷದ ಮಗನಿಗಾಗಿ ಓಓ ಗೇಜಿನ (ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ 1:76 ಮಾದರಿ ಅಳತೆಯ) ಹಳಿಯನ್ನು ಹಲಗೆಯೊಂದರ ಮೇಲೆ ದುಂಡಗೆ ಹಾಕಿದ್ದೇವೆ. ಬ್ರಿಟಿಷ್ ರೈಲ್ವೆಯ ಕ್ಲಾಸ್ 37 ಡೀಸೆಲ್ ಇಂಜಿನ್ನೇ ಬೇಕೆಂದು ಅವನು ಹಠ ಹಿಡಿದಿದ್ದಾನೆ. ಉತ್ತಮ ದರ್ಜೆಯ ಹೊಸ ಮಾದರಿಗಳ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಳೆಯ ಲಿಮಾ ಕೊಳ್ಳಬಹುದೇ, ಅಥವಾ ಹಾರ್ನ್‌ಬಿಯ ರೈಲ್‌ರೋಡ್ ಸರಣಿಯದನ್ನು ಕೊಳ್ಳುವುದು ಲೇಸೇ?
— ಎಸ್. ಎನ್., ಲೆಸ್ಟರ್

ಉತ್ತರ: ನೀವು ಎರಡು ಬೇರೆ ಇಂಜಿನ್‌ಗಳೆಂದು ಎಣಿಸಿರುವುದು ಬಹುಮಟ್ಟಿಗೆ ಒಂದೇ ಅಚ್ಚಿನಿಂದ ಬಂದವು. ಇಟಲಿಯ ಲಿಮಾ ಕಂಪನಿ ದಿವಾಳಿಯಾದ ಮೇಲೆ 2004ರಲ್ಲಿ ಬ್ರಿಟನ್ನಿನ ಹಾರ್ನ್‌ಬಿ ಕಂಪನಿ ಅದರ ಅಚ್ಚುಗಳನ್ನು ಕೊಂಡುಕೊಂಡಿತು. ಅವುಗಳಲ್ಲಿ ಕ್ಲಾಸ್ 37, ಕ್ಲಾಸ್ 66, ಕ್ಲಾಸ್ 73 ಮುಂತಾದವುಗಳನ್ನು ತನ್ನ ಕಡಿಮೆ ಬೆಲೆಯ ರೈಲ್‌ರೋಡ್ ಸರಣಿಯಲ್ಲಿ ಮತ್ತೆ ಹೊರತಂದಿತು. ಹೊರಕವಚ ಲಿಮಾದ್ದು, ಒಳಗಿನ ಚಾಲನಾ ಭಾಗವನ್ನು ಮಾತ್ರ ಹಾರ್ನ್‌ಬಿ ಬದಲಿಸಿ, ಡಿಜಿಟಲ್ ನಿಯಂತ್ರಣದ (ಡಿಸಿಸಿ) ಆಜ್ಞೆಗಳನ್ನು ಓದುವ ಡಿಕೋಡರ್ ಕೂರಿಸಲು ಎಂಟು ಪಿನ್ನಿನ ಸಾಕೆಟ್ ಕೊಟ್ಟಿತು. ಹಾಗಾಗಿ ನಿಮ್ಮ ಮುಂದಿರುವ ನಿಜವಾದ ಪ್ರಶ್ನೆ ಬ್ರಾಂಡಿನದಲ್ಲ, ಮೋಟಾರಿನದು.

ಅಗ್ಗದ ಇಂಜಿನ್ ಕೊಳ್ಳುವಾಗ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಆಕಾರವನ್ನು ಈಗ ಕೊಳ್ಳಿರಿ, ಉಳಿದದ್ದನ್ನು ಆಮೇಲೆ ಕೊಳ್ಳಬಹುದು. ಮೋಟಾರು ಬದಲಿಸಬಹುದು, ಗಾಲಿ ಬದಲಿಸಬಹುದು, ಬಣ್ಣ ಕೆರೆದು ಹೊಸದಾಗಿ ಬಳಿಯಬಹುದು; ಆದರೆ ಮೂತಿಯ ಓರೆ, ಮುಂಗಾಜುಗಳ ಕೋನ, ಛಾವಣಿಯ ಬಾಗು ಇವು ತಪ್ಪಿದ್ದರೆ ಯಾವ ಉಪಕರಣದಿಂದಲೂ ಸರಿಹೋಗುವುದಿಲ್ಲ. ಈ ದೃಷ್ಟಿಯಿಂದ ಲಿಮಾದ 37 ಇಂದಿಗೂ ಗೌರವಕ್ಕೆ ಅರ್ಹವಾದ ಮಾದರಿ. ಅದಕ್ಕಿಂತ ಎಷ್ಟೋ ದುಬಾರಿಯಾಗಿ ಬಂದ ಕೆಲವು ಮಾದರಿಗಳ ಕ್ಯಾಬು (ಚಾಲಕನ ಕೋಣೆ) ನನಗೆ ಈವರೆಗೂ ಒಪ್ಪಿಗೆಯಾಗಿಲ್ಲ. ನಿಜವಾದ ಇಂಜಿನ್ನಿನ ಉದ್ದ 18.75 ಮೀಟರ್; ಓಓ ಮಾದರಿಯ 1:76 ಅಳತೆಗೆ ಅದು ಸುಮಾರು 246 ಮಿ.ಮೀ. ಆಗಬೇಕು. ಕೊಳ್ಳುವ ಮುನ್ನ ಒಂದು ಅಡಿಪಟ್ಟಿಯನ್ನೂ ನಿಜವಾದ ಇಂಜಿನ್ನಿನ ಒಂದು ಒಳ್ಳೆಯ ಛಾಯಾಚಿತ್ರವನ್ನೂ ಜೊತೆಗೊಯ್ಯುವುದು ಅತಿಯಾದ ಎಚ್ಚರಿಕೆಯೇನಲ್ಲ.

ಈ ಅಂಕಣದಲ್ಲಿ ಮತ್ತೆ ಮತ್ತೆ ಬರುವ ಗೇಜಿನ ಗೊಂದಲವನ್ನೂ ಇಲ್ಲೇ ಮುಗಿಸುತ್ತೇನೆ. ಓಓ ಮಾದರಿಗಳ ಅಳತೆ ಅಡಿಗೆ 4 ಮಿ.ಮೀ. ಆದರೂ ಹಳಿಯ ಅಗಲ 16.5 ಮಿ.ಮೀ. ಮಾತ್ರ. ಲೆಕ್ಕದ ಪ್ರಕಾರ ಅದು 18.83 ಮಿ.ಮೀ. ಇರಬೇಕಿತ್ತು. ಬ್ರಿಟಿಷ್ ಇಂಜಿನ್‌ಗಳ ಮೈಕಟ್ಟು ಯುರೋಪಿನವಕ್ಕಿಂತ ಕಿರಿದು. ಹಿಂದಿನ ಕಾಲದ ಮೋಟಾರುಗಳು ಯುರೋಪಿನಲ್ಲಿ ರೂಢಿಯ 1:87ರ ಎಚ್‌ಓ ಅಳತೆಯ ಕವಚದೊಳಗೆ ಹಿಡಿಸಲಿಲ್ಲವಾದ್ದರಿಂದ ಹಳಿಯನ್ನು ಹಾಗೆಯೇ ಉಳಿಸಿಕೊಂಡು ಕವಚವನ್ನು ಹಿಗ್ಗಿಸಿದರು. ಇಂಜಿನ್ನಿನ ಕೆಳಭಾಗ ಒಳಕ್ಕೆ ಸರಿದಂತೆ ಕಾಣುವುದು ಇದರಿಂದಲೇ. ಅದು ನಿಮ್ಮ ಮಾದರಿಯ ದೋಷವಲ್ಲ.

ಹಳೆಯ ಲಿಮಾ ಕೊಳ್ಳುವುದಾದರೆ ಮೂರು ವಿಷಯ ಪರೀಕ್ಷಿಸಿರಿ. ಮೊದಲನೆಯದು ಗಾಲಿಯ ಫ್ಲೇಂಜು, ಅಂದರೆ ಹಳಿಯ ಒಳಬದಿಗೆ ಇಳಿಯುವ ಅಂಚು. ಹಳೆಯ ಲಿಮಾ ಗಾಲಿಗಳ ಫ್ಲೇಂಜು ಬಹಳ ಆಳ. ಹವ್ಯಾಸಿಗಳು ಅವುಗಳನ್ನು ಪಿಜ್ಜಾ ಕಟರ್ ಎಂದೇ ಕರೆಯುತ್ತಾರೆ. 2.54 ಮಿ.ಮೀ. ಎತ್ತರದ ಕೋಡ್ 100 ಹಳಿಯ ಮೇಲೆ ಅವು ತಕರಾರಿಲ್ಲದೆ ಓಡುತ್ತವೆ, ಸುಮಾರು 1.9 ಮಿ.ಮೀ. ಎತ್ತರದ ಕೋಡ್ 75 ಹಳಿಯ ಮೇಲಾದರೆ ಹಳಿ ಹಿಡಿದಿರುವ ಚೇರುಗಳಿಗೆ ತಾಗಿ ಟಕಟಕನೆ ಸದ್ದು ಮಾಡುತ್ತವೆ. ಎರಡನೆಯದು ಕವಚ. ಬಫರು, ಕೆಳಗಿನ ಏಣಿಮೆಟ್ಟಿಲು, ರೈಲು ಡಬ್ಬಿ ಜೋಡಿಸುವ ಕಪ್ಲಿಂಗ್ ಇವುಗಳಲ್ಲಿ ಮುರಿದದ್ದು ಸಿಗುವುದು ಸಹಜ ಮತ್ತು ರಿಪೇರಿಗೆ ಸುಲಭ. ಆದರೆ ಕವಚ ಸೊಟ್ಟಗಾಗಿದ್ದರೆ, ಅಥವಾ ಹಿಂದಿನ ಮಾಲೀಕರು ದಪ್ಪ ಬಣ್ಣ ಬಳಿದು ರಿವೆಟ್ಟುಗಳನ್ನೂ ಬಾಗಿಲ ಗೆರೆಗಳನ್ನೂ ಮುಚ್ಚಿಬಿಟ್ಟಿದ್ದರೆ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಮೂರನೆಯದು ಓಟ. ಅಂಗಡಿಯವರ ಪರೀಕ್ಷಾ ಹಳಿಯ ಮೇಲೆ ಅತಿ ನಿಧಾನದಲ್ಲಿ ಎರಡೂ ದಿಕ್ಕಿಗೆ ಓಡಿಸಲು ಕೇಳಿರಿ. ವೇಗದಲ್ಲಿ ಎಲ್ಲ ಇಂಜಿನ್ನೂ ಚೆನ್ನಾಗಿಯೇ ಓಡುತ್ತದೆ.

ನಿಮ್ಮ ಕೈಯಲ್ಲಿ ಬೆಸುಗೆ ಹಾಕುವ ಕಬ್ಬಿಣವೂ ಅದನ್ನು ಹಿಡಿಯುವ ಆಸಕ್ತಿಯೂ ಇದ್ದರೆ ಲಿಮಾ ಕೊಳ್ಳಿರಿ. ಹೊಸ ದುಬಾರಿ 37ರ ಬೆಲೆ ಸಾಮಾನ್ಯವಾಗಿ ನೂರೈವತ್ತು ಪೌಂಡನ್ನು ದಾಟುತ್ತದೆ, ಹಳೆಯ ಲಿಮಾ ಅದರ ಒಂದು ಸಣ್ಣ ಪಾಲಿಗೇ ಸಿಗುತ್ತದೆ. ಇಲ್ಲದಿದ್ದರೆ ಬಳಸಿದ ರೈಲ್‌ರೋಡ್ ಮಾದರಿಯೇ ಸರಿ. ಮಗು ಕೇಳುತ್ತಿರುವುದು ಇವತ್ತು ಓಡುವ ಇಂಜಿನ್ ಎಂಬುದನ್ನು ಮರೆಯಬೇಡಿ. ಅಂದಹಾಗೆ, 1960ರಿಂದ 1965ರವರೆಗೆ ತಯಾರಾದ 309 ಕ್ಲಾಸ್ 37 ಇಂಜಿನ್‌ಗಳಲ್ಲಿ ಹೆಚ್ಚಿನವು ನ್ಯೂಟನ್-ಲೆ-ವಿಲ್ಲೋಸ್ ಊರಿನ ವಲ್ಕನ್ ಫೌಂಡ್ರಿಯಲ್ಲಿ ಹುಟ್ಟಿದವು. 1853ರಲ್ಲಿ ಬೊಂಬಾಯಿಯಿಂದ ಠಾಣೆಗೆ ಓಡಿದ ಮೊದಲ ಪ್ರಯಾಣಿಕ ರೈಲನ್ನು ಎಳೆದ ಇಂಜಿನ್‌ಗಳೂ ಅದೇ ಕಾರ್ಖಾನೆಯವು. ಮಗನಿಗೆ ಹೇಳಿ, ಹಠಕ್ಕೆ ಇನ್ನೊಂದು ಕಾರಣ ಸಿಕ್ಕೀತು.

ಪ್ರಶ್ನೆ: ಹಳೆಯ ಲಿಮಾ ಇಂಜಿನ್ ಕೊಂಡೆ. ವೇಗದಲ್ಲಿ ಸರಿಯಾಗಿ ಓಡುತ್ತದೆ. ನಿಧಾನಗೊಳಿಸಿದರೆ ಮುಗ್ಗರಿಸುತ್ತದೆ, ಹಳಿ ಕವಲೊಡೆಯುವ ಪಾಯಿಂಟುಗಳ ಮೇಲೆ ನಿಂತೇಬಿಡುತ್ತದೆ. ಮೋಟಾರು ಕೆಟ್ಟಿದೆಯೇ?
— ವಿ. ಕೆ., ಕೊವೆಂಟ್ರಿ

ಉತ್ತರ: ಮೋಟಾರಿನ ಮೇಲೆ ಅನುಮಾನ ಪಡುವ ಮೊದಲು ವಿದ್ಯುತ್ತು ಎಲ್ಲಿಂದ ಬರುತ್ತಿದೆ ಎಂದು ನೋಡಿರಿ. ಈ ಇಂಜಿನ್‌ಗಳಲ್ಲಿ ಮೋಟಾರಿರುವ ಕಡೆಯ ಗಾಲಿಗಳು ಒಂದು ಹಳಿಯಿಂದಲೂ, ಇನ್ನೊಂದು ತುದಿಯ ಗಾಲಿಗಳು ಎದುರು ಹಳಿಯಿಂದಲೂ ವಿದ್ಯುತ್ತು ಪಡೆಯುತ್ತವೆ. ಅಂದರೆ ಹನ್ನೆರಡು ಗಾಲಿಗಳಿದ್ದರೂ ಕೆಲಸ ಮಾಡುವವು ಕೆಲವೇ. ಹಿಡಿತಕ್ಕೆಂದು ಕೆಲವು ಗಾಲಿಗಳಿಗೆ ರಬ್ಬರಿನ ಟೈರು ಹಾಕಿರುವುದರಿಂದ ಅವುಗಳಿಂದ ವಿದ್ಯುತ್ತು ಬರುವಂತೆಯೂ ಇಲ್ಲ. ಪಾಯಿಂಟಿನ ಪ್ಲಾಸ್ಟಿಕ್ ಭಾಗದ ಮೇಲೆ ವಿದ್ಯುತ್ತು ಪಡೆಯುವ ಗಾಲಿ ಬಂದ ಕೂಡಲೇ ಇಂಜಿನ್ ನಿಲ್ಲುವುದು ಇದರಿಂದ.

ಮೊದಲು ಗಾಲಿಗಳನ್ನೂ ಹಳಿಯನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿರಿ. ಸವೆದ ರಬ್ಬರ್ ಟೈರುಗಳನ್ನು ಬದಲಿಸಿರಿ. ಅರ್ಧದಷ್ಟು ದೂರುಗಳು ಇಲ್ಲಿಗೇ ಮುಗಿಯುತ್ತವೆ. ಮುಗಿಯದಿದ್ದರೆ, ಈವರೆಗೆ ಕೆಲಸ ಮಾಡದಿದ್ದ ಗಾಲಿಗಳ ಲೋಹದ ಹಿಂಬದಿಗೆ ಹಗುರವಾಗಿ ಉಜ್ಜುವಂತೆ ತೆಳುವಾದ ಫಾಸ್ಫರ್ ಬ್ರಾಂಜ್ ತಂತಿ ಕೂರಿಸಬೇಕು. ತಾಮ್ರ ಹೊದಿಸಿದ ಸರ್ಕಿಟ್ ಹಲಗೆಯ ಒಂದು ಚೂರನ್ನು ಗಾಲಿಗಳ ಚೌಕಟ್ಟಿನ ಕೆಳಗೆ ಅಂಟಿಸಿ, ತಂತಿಯನ್ನು ಅದಕ್ಕೆ ಬೆಸೆದು, ಅಲ್ಲಿಂದ ಮೆದುವಾದ ವೈರು ಮೋಟಾರಿಗೆ ಎಳೆಯಿರಿ. ಒತ್ತಡ ಹೆಚ್ಚಾದರೆ ತಂತಿ ಬ್ರೇಕಿನ ಕೆಲಸ ಮಾಡುತ್ತದೆ; ಗಾಲಿಯನ್ನು ಬೆರಳಿನಿಂದ ತಿರುಗಿಸಿದಾಗ ಅದು ಅಡ್ಡಿಯಿಲ್ಲದೆ ಸುತ್ತಬೇಕು.

ಚಾಲನಾ ಗಾಲಿಗಳ ಮೇಲೆ ಸ್ವಲ್ಪ ತೂಕ ಸೇರಿಸುವುದರಿಂದಲೂ ಓಟ ಸುಧಾರಿಸುತ್ತದೆ. ಸೀಸದ ಗುಂಡುಗಳನ್ನು ಬಳಸುವುದಾದರೆ ಬಿಳಿ ಪಿವಿಎ ಅಂಟಿನಿಂದ ಅಂಟಿಸಬೇಡಿ. ಕಾಲಕ್ರಮದಲ್ಲಿ ಎರಡೂ ರಾಸಾಯನಿಕವಾಗಿ ಕೂಡಿ ಉಬ್ಬಿ, ಕವಚವನ್ನೇ ಒಡೆದ ಉದಾಹರಣೆಗಳಿವೆ. ಎಪಾಕ್ಸಿ ಬಳಸಿರಿ, ಕೈ ತೊಳೆಯಿರಿ. ಮನೆಯಲ್ಲಿ ಮಕ್ಕಳಿದ್ದರೆ ಸೀಸದ ಬದಲು ಉಕ್ಕಿನ ನಟ್ಟುಗಳೇ ಸಾಕು. ಇಷ್ಟಾದ ಮೇಲೂ ಓಟ ಒರಟಾಗಿದ್ದರೆ ಆಗ ಮೋಟಾರಿನ ಮಾತು. ಹಳೆಯ ಸಿಡಿ ಪ್ಲೇಯರಿನ ಸಣ್ಣ ಮೋಟಾರನ್ನು ಅದೇ ಗೂಡಿನಲ್ಲಿ ಕೂರಿಸುವುದು ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಅಗ್ಗದ ಉಪಾಯ. ಆದರೆ ಅವು ಕಡಿಮೆ ವೋಲ್ಟೇಜಿಗೆಂದು ಮಾಡಿದವಾದ್ದರಿಂದ, 12 ವೋಲ್ಟಿನ ಹಳಿಗೆ ಇಳಿಸುವಾಗ ಮೋಟಾರಿಗೆ ಹೋಗುವ ವೈರಿನ ನಡುವೆ, ಸರಣಿಯಲ್ಲಿ, ಒಂದು ರೆಸಿಸ್ಟರ್ ಬೇಕು.

ಪ್ರಶ್ನೆ: ರೈಲ್‌ರೋಡ್ ಸರಣಿಯ 37 ನನ್ನಲ್ಲಿದೆ. ಅದನ್ನು ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ಮಾರ್ಗದಲ್ಲಿ ಫೋರ್ಟ್ ವಿಲಿಯಮ್ಮಿಗೆ ಓಡುತ್ತಿದ್ದ, 1980ರ ದಶಕದ ಇಂಜಿನ್ನಾಗಿ ಬದಲಿಸುವ ಆಸೆ. ವಿವರಗಳನ್ನು ಯಾವ ಕ್ರಮದಲ್ಲಿ ಸೇರಿಸಬೇಕು? ಯಾವುದಕ್ಕೆ ಹಣ ಹಾಕಬೇಕು?
— ಆರ್. ಬಿ., ಅಬರ್ಡೀನ್

ಉತ್ತರ: ಮೊದಲು ಒಂದು ನಂಬರನ್ನೂ ಒಂದು ವರ್ಷವನ್ನೂ ನಿಶ್ಚಯಿಸಿಕೊಳ್ಳಿರಿ. 37 ಎಂಬುದು ಒಂದೇ ಇಂಜಿನ್ನಲ್ಲ. ಮೊದಲ 119 ಇಂಜಿನ್‌ಗಳ ಮೂತಿಯ ನಡುವೆ, ಜೋಡಿ ಇಂಜಿನ್ ಓಡುವಾಗ ಸಿಬ್ಬಂದಿ ಒಂದರಿಂದ ಇನ್ನೊಂದಕ್ಕೆ ದಾಟಲೆಂದು, ಬಾಗಿಲುಗಳಿದ್ದವು. ಆ ಕಾರಣಕ್ಕೆ ರೈಲಿನ ಸಂಕೇತ ತೋರಿಸುವ ಹೆಡ್‌ಕೋಡ್ ಪೆಟ್ಟಿಗೆ ಎರಡಾಗಿ ಒಡೆದು ಬಾಗಿಲಿನ ಎರಡು ಬದಿಗೆ ಹೋಗಿತ್ತು. ಡಿ6819 ನಂಬರಿನ ಇಂಜಿನ್ನಿನಿಂದ ಮುಂದಿನವಕ್ಕೆ ನಡುವೆ ಒಂದೇ ಪೆಟ್ಟಿಗೆ. 1976ರ ಜನವರಿಯಲ್ಲಿ ಹೆಡ್‌ಕೋಡ್ ಪದ್ಧತಿಯನ್ನೇ ಕೈಬಿಟ್ಟರು. ಆಗ ಪೆಟ್ಟಿಗೆಯಲ್ಲಿ ನಾಲ್ಕು ಸೊನ್ನೆಗಳನ್ನು ತಿರುಗಿಸಿಟ್ಟರು, ಬಳಿಕ ಕಪ್ಪು ಫಲಕದಲ್ಲಿ ಎರಡು ಬಿಳಿ ಚುಕ್ಕೆಗಳು ಬಂದವು. ಹೀಗೆ ಮೂತಿಯೊಂದನ್ನೇ ನೋಡಿ ಬಲ್ಲವರು ಕಾಲವನ್ನು ಹೇಳಿಬಿಡುತ್ತಾರೆ.

ನೀವು ಹೇಳುವ ಮಾರ್ಗಕ್ಕೆ ಬೇಕಾದದ್ದು 37/4 ಉಪವರ್ಗ. ಡಬ್ಬಿಗಳಿಗೆ ವಿದ್ಯುತ್ತಿನಿಂದ ಬಿಸಿ ಒದಗಿಸಲೆಂದು 1985-86ರಲ್ಲಿ 31 ಇಂಜಿನ್‌ಗಳನ್ನು ಪುನರ್ನಿರ್ಮಿಸಿ 37401ರಿಂದ 37431ರವರೆಗೆ ನಂಬರು ಕೊಟ್ಟರು. ಅವೆಲ್ಲ ನಡುಪೆಟ್ಟಿಗೆಯ ಮೂತಿಯವು. ನಿಮ್ಮ ಮಾದರಿಯದು ಒಡೆದ ಪೆಟ್ಟಿಗೆಯಾಗಿದ್ದರೆ ಅದನ್ನು 37/4 ಮಾಡಲು ಹೋಗಬೇಡಿ. ಮಾರಿ, ಬೇರೆ ಕವಚ ಕೊಳ್ಳಿರಿ. ಸರಿಯಾದ ಮೂತಿಯಿದ್ದರೆ 37401 ಮೇರಿ ಕ್ವೀನ್ ಆಫ್ ಸ್ಕಾಟ್ಸ್ ಅಥವಾ 37408 ಲೋಕ್ ರ‍್ಯಾನಕ್ ಒಳ್ಳೆಯ ಆಯ್ಕೆಗಳು. ಗ್ಲಾಸ್ಗೋದ ಈಸ್ಟ್‌ಫೀಲ್ಡ್ ಶೆಡ್ಡಿನ ಇಂಜಿನ್‌ಗಳ ಮೈಮೇಲೆ ಪುಟ್ಟ ಟೆರಿಯರ್ ನಾಯಿಯ ಚಿತ್ರವಿರುತ್ತಿತ್ತು. ನಿಮ್ಮ ವರ್ಷದ ಛಾಯಾಚಿತ್ರದಲ್ಲಿ ಅದಿದ್ದರೆ ಮರೆಯದೆ ಹಾಕಿರಿ.

ಕೆಲಸವನ್ನು ಕೆಳಗಿನಿಂದ ಆರಂಭಿಸಿರಿ. ಅಗ್ಗದ ಮಾದರಿಯನ್ನು ಆಟಿಕೆಯಂತೆ ತೋರಿಸುವುದು ಗಾಲಿಗಳ ಚೌಕಟ್ಟಿನ ಹೊಳೆಯುವ ಕಪ್ಪು ಪ್ಲಾಸ್ಟಿಕ್. ಅದಕ್ಕೆ ಹೊಳಪಿಲ್ಲದ ಕಂದುಬೂದು ಬಣ್ಣ ಬಳಿದು, ಗಾಲಿಯ ಮುಖಕ್ಕೂ ಅದನ್ನೇ ಕೊಟ್ಟು, ಹಳಿ ತಾಗುವ ಅಂಚನ್ನು ಮಾತ್ರ ಶುಚಿಯಾಗಿ ಉಳಿಸಿದರೆ, ಒಂದು ಡಬ್ಬಿ ಬಣ್ಣದ ಖರ್ಚಿನಲ್ಲಿ ಆಗುವ ಬದಲಾವಣೆ ಇಪ್ಪತ್ತು ಪೌಂಡಿನ ಲೋಹದ ಬಿಡಿಭಾಗಗಳಿಂದಲೂ ಆಗುವುದಿಲ್ಲ.

ಎರಡನೆಯದು ಗಾಜು. ಹಳೆಯ ಅಚ್ಚಿನ ಮಾದರಿಗಳಲ್ಲಿ ಕಿಟಕಿಯ ಪ್ಲಾಸ್ಟಿಕ್ಕು ಗೋಡೆಯ ದಪ್ಪದಷ್ಟು ಒಳಗೆ ಕೂತಿರುತ್ತದೆ. ಅದರಿಂದ ಇಂಜಿನ್ನಿನ ಕಣ್ಣು ಗುಳಿಬಿದ್ದ ಹಾಗೆ ಕಾಣುತ್ತದೆ. ಮೇಲ್ಮೈಗೆ ಸಮವಾಗಿ ಕೂರುವ ಬದಲಿ ಗಾಜುಗಳು ಮಾರಾಟಕ್ಕಿವೆ. ಹಣ ಹಾಕಲೇಬೇಕಾದ ಜಾಗ ಇದು. ಅಂಟಿಸಲು ಸೂಪರ್‌ಗ್ಲೂ ಬಳಸಿದರೆ ಅದರ ಆವಿಯಿಂದ ಗಾಜು ಮಂಜು ಹಿಡಿದಂತಾಗುತ್ತದೆ. ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಅಂಟು ಸಾಕು.

ಆಮೇಲೆ ಕೈಹಿಡಿ ಕಂಬಿಗಳು. ಕವಚದೊಡನೆ ಎರಕವಾಗಿ ಬಂದ ಕಂಬಿಗಳನ್ನು ಹರಿತವಾದ ಚಾಕುವಿನಿಂದ ಹೆರೆದು, ಬೆರಳಲ್ಲಿ ತಿರುಗಿಸುವ ಸಣ್ಣ ಡ್ರಿಲ್ಲಿನಿಂದ ತೂತು ಕೊರೆದು ಹಿತ್ತಾಳೆ ತಂತಿ ಕೂರಿಸಬೇಕು. ಸಾಮಾನ್ಯವಾಗಿ ಸಿಗುವ 0.45 ಮಿ.ಮೀ. ತಂತಿಯನ್ನು 76ರಿಂದ ಗುಣಿಸಿ ನೋಡಿ: 34 ಮಿ.ಮೀ. ಆಗುತ್ತದೆ, ಕೈಯಲ್ಲಿ ಹಿಡಿಯುವ ಕಂಬಿಗೆ ಅದು ದಪ್ಪವಾಯಿತು. 0.3 ಮಿ.ಮೀ. ತಂತಿ ಸುಮಾರು 23 ಮಿ.ಮೀ.ಗೆ ಸಮ, ಕಣ್ಣಿಗೆ ಒಪ್ಪುತ್ತದೆ. ಮಗ್ಗುಲಲ್ಲಿ ಎರಡು ತೂತುಗಳ ಅಂತರ ಒಂದೇ ಸಮ ಬರಲು ತಗಡಿನ ಚೂರೊಂದರಲ್ಲಿ ಮೊದಲೇ ತೂತು ಮಾಡಿಕೊಂಡು ಅದನ್ನೇ ಅಳತೆಯಾಗಿ ಬಳಸಿರಿ.

ನಂಬರು ಬದಲಿಸುವುದು ಎಲ್ಲಕ್ಕಿಂತ ತಾಳ್ಮೆ ಬೇಡುವ ಕೆಲಸ. ಅಚ್ಚಾದ ಹಳೆಯ ಅಂಕಿಗಳ ಮೇಲೆ ಎನಾಮಲ್ ಥಿನ್ನರನ್ನು ಹತ್ತಿಕಡ್ಡಿಯಲ್ಲಿ ತುಸುವೇ ಅದ್ದಿ ತೀಡಿದರೆ ಅಂಕಿ ಮೆದುವಾಗಿ, ಹಲ್ಲುಕಡ್ಡಿಯ ತುದಿಗೆ ಎದ್ದು ಬರುತ್ತದೆ. ಕೆಳಗಿನ ನೀಲಿಯೂ ಹತ್ತಿಗೆ ಅಂಟತೊಡಗಿದ ಕ್ಷಣ ನಿಲ್ಲಿಸಬೇಕು. ಆದ್ದರಿಂದ ಮೊದಲು ಕವಚದ ಒಳ ಅಂಚಿನಂಥ ಕಾಣದ ಜಾಗದಲ್ಲಿ ಪರೀಕ್ಷಿಸಿರಿ. ತೀಡಿದ ಜಾಗ ಮಿರುಗುತ್ತದೆ, ಚಿಂತೆಯಿಲ್ಲ. ಅದರ ಮೇಲೆ ಹೊಳಪಿನ ವಾರ್ನಿಷ್ ಕೊಟ್ಟು ಪೂರ್ತಿ ಒಣಗಿಸಿ, ನೀರಿನಲ್ಲಿ ನೆನೆಸಿ ಜಾರಿಸುವ ಟ್ರಾನ್ಸ್‌ಫರ್ ಅಂಕಿಗಳನ್ನು ಒಂದೊಂದಾಗಿ ಕೂರಿಸಿರಿ. ನಯವಾದ ಮೇಲ್ಮೈ ಇಲ್ಲದಿದ್ದರೆ ಅಂಕಿಯ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂಥ ಅಂಚು ಕಾಣಿಸುತ್ತದೆ. ಬ್ರಿಟಿಷ್ ರೈಲ್ವೆಯ ಆ ಕಾಲದ ದೊಡ್ಡ ಲಾಂಛನದ ನೀಲಿ ಬಣ್ಣಗಾರಿಕೆಯಲ್ಲಿ ಅಂಕಿಗಳೂ ದೊಡ್ಡವಾದ್ದರಿಂದ ಒಂದು ಅಂಕಿ ಸೊಟ್ಟಗಾದರೂ ದೂರಕ್ಕೇ ಕಾಣುತ್ತದೆ. ಬಾಗಿಲಿನ ಕೆಳ ಅಂಚಿಗೆ ಸಮನಾಗಿ ತೆಳುವಾದ ಟೇಪು ಅಂಟಿಸಿಕೊಂಡು ಅದನ್ನೇ ಗೆರೆಯಾಗಿ ಹಿಡಿಯಿರಿ. ಕೊನೆಗೆ ಇಡೀ ಕವಚಕ್ಕೆ ಸ್ಯಾಟಿನ್ ವಾರ್ನಿಷ್.

ಛಾವಣಿಯ ಫ್ಯಾನಿನ ಜಾಲರಿ ಇರುವ ತುದಿಯೇ ಇಂಜಿನ್ನಿನ ಒಂದನೇ ತುದಿ. ಪ್ಲಾಸ್ಟಿಕ್ ಜಾಲರಿಯನ್ನು ಕತ್ತರಿಸಿ ತೆಗೆದು ಲೋಹದ ತೆಳು ಜಾಲರಿ ಕೂರಿಸುವುದುಂಟು; ನೋಡಲು ಸೊಗಸು, ಆದರೆ ಮೊದಲ ಪ್ರಯತ್ನಕ್ಕೆ ಬೇಡ. ಗುಳಿಗಳಿಗೆ ನೀರಾದ ಕಪ್ಪು ಬಣ್ಣ ಇಳಿಸಿ, ಒಣಗಿದ ಮೇಲೆ ಉಬ್ಬುಗಳ ಮೇಲೆ ಬೂದುಬಣ್ಣದ ಒಣ ಕುಂಚ ಆಡಿಸಿದರೆ ತೃಪ್ತಿಕರವಾಗಿಯೇ ಕಾಣುತ್ತದೆ. ಬಫರ್ ಪಟ್ಟಿಯ ಬ್ರೇಕ್ ಪೈಪುಗಳು, ಸ್ಕ್ರೂ ಕಪ್ಲಿಂಗು, ಮತ್ತು ಆ ಮಾರ್ಗಕ್ಕೆ ತಕ್ಕ ಹಿಮ ತಳ್ಳುವ ನೇಗಿಲು ಇವುಗಳನ್ನು ಒಂದು ತುದಿಗೆ ಮಾತ್ರ ಹಾಕಿರಿ. ಮಾದರಿಯ ದೊಡ್ಡ ಕಪ್ಲಿಂಗ್ ಇರುವ ಕಡೆ ಅವು ಹಿಡಿಸುವುದಿಲ್ಲ. ನಿಮ್ಮ ಹಳಿ ದುಂಡಾಗಿದ್ದರೆ ಇಂಜಿನ್ ಸದಾ ಒಂದೇ ತುದಿ ಮುಂದಾಗಿ ಓಡುವುದರಿಂದ ತೊಂದರೆಯಿಲ್ಲ. ಕೊನೆಯ ನಿಲ್ದಾಣದಲ್ಲಿ ಇಂಜಿನ್ ಸುತ್ತುಹಾಕಿ ಬಂದು ಇನ್ನೊಂದು ಕಡೆಗೆ ಜೋಡಿಸಿಕೊಳ್ಳುವ ವ್ಯವಸ್ಥೆಯಾದರೆ ಎರಡೂ ತುದಿಗೆ ಕಪ್ಲಿಂಗ್ ಬೇಕೇಬೇಕು, ಆಗ ನೇಗಿಲಿನ ಆಸೆ ಬಿಡಬೇಕು.

ಪ್ರಶ್ನೆ: ಹಳೆಯ ಇಂಜಿನ್ನಿಗೆ ಡಿಸಿಸಿ ಡಿಕೋಡರ್ ಹಾಕಿಸಬಹುದೇ? ಶಬ್ದವಿರುವ ಡಿಕೋಡರ್ ಯೋಗ್ಯವೇ?
— ಜಿ. ಎಂ., ಮ್ಯಾಂಚೆಸ್ಟರ್

ಉತ್ತರ: ಹಾಕಬಹುದು. ಆದರೆ ಹಳೆಯ ಮೋಟಾರುಗಳಲ್ಲಿ ಎಷ್ಟೋ ವೇಳೆ ಒಂದು ಬ್ರಷ್ಷು (ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ತುಂಡು) ಲೋಹದ ಚೌಕಟ್ಟಿಗೆ ನೇರವಾಗಿ ತಾಗಿರುತ್ತದೆ; ಅದನ್ನು ಬೇರ್ಪಡಿಸದೆ ಡಿಕೋಡರ್ ಜೋಡಿಸಿದರೆ ಮೊದಲ ಸಲವೇ ಅದು ಸುಟ್ಟುಹೋಗುತ್ತದೆ. ಗಾಲಿಗೂ ಬ್ರಷ್ಷಿಗೂ ನಡುವೆ ವಿದ್ಯುತ್ತು ಹರಿಯುತ್ತಿಲ್ಲವೆಂದು ಮಲ್ಟಿಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಮುಂದುವರಿಯಿರಿ. ಶಬ್ದದ ಡಿಕೋಡರು ಇಂಜಿನ್ನಿಗಿಂತ ದುಬಾರಿಯಾಗುತ್ತದೆ, ಹಳೆಯ ಗೇರುಗಳ ಗರಗರ ಸದ್ದು ಅದನ್ನು ಮುಚ್ಚಿಬಿಡುತ್ತದೆ. ನನ್ನ ಮತ ಬೇಡವೆಂದೇ.

ಪ್ರಶ್ನೆ: ಕೃಷ್ಣರಾಜಪುರದ ಡೀಸೆಲ್ ಶೆಡ್ಡಿನ ಹತ್ತಿರ ಬೆಳೆದವನು ನಾನು. ಲಂಡನ್ನಿನಿಂದ ಬಂದ ನೆಂಟರು ತಂದುಕೊಟ್ಟ ಕ್ಲಾಸ್ 37 ಮಾದರಿಗೆ ಬಣ್ಣ ಬದಲಿಸಿ ನಮ್ಮ ಭಾರತೀಯ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಇಂಜಿನ್ ಮಾಡಬಹುದೇ?
— ಪಿ. ಎಸ್., ಬೆಂಗಳೂರು

ಉತ್ತರ: ಆಗುವುದಿಲ್ಲ. 37ರದು ಎರಡು ತುದಿಗೂ ಕ್ಯಾಬಿರುವ, ಇಡೀ ಅಗಲದ ಕವಚ. ಅಮೆರಿಕದ ಆಲ್ಕೊ ವಿನ್ಯಾಸದ, 2600 ಅಶ್ವಶಕ್ತಿಯ ಡಬ್ಲ್ಯುಡಿಎಂ-2ರದು ಒಂದೇ ಕ್ಯಾಬು, ಇಕ್ಕೆಲದಲ್ಲಿ ನಡೆದಾಡುವ ಹಲಗೆ, ನಡುವೆ ಕಿರಿದಾದ ಉದ್ದನೆಯ ಹುಡ್ಡು. ಬಣ್ಣದಿಂದ ಇದು ಅದಾಗದು. ಉದ್ದವೂ ಹೊಂದುವುದಿಲ್ಲ: 17.12 ಮೀಟರಿನ ನಮ್ಮ ಇಂಜಿನ್ 1:76ರಲ್ಲಿ 225 ಮಿ.ಮೀ., ಎಚ್‌ಓದ 1:87ರಲ್ಲಿ 197 ಮಿ.ಮೀ. ಆಗುತ್ತದೆ. ಬಂದ 37ನ್ನು 37 ಆಗಿಯೇ ಓಡಿಸಿರಿ.

ಡಬ್ಲ್ಯುಡಿಎಂ-2 ಬೇಕೇಬೇಕೆಂದರೆ, ಆರು ಇರುಸುಗಳ ಅಮೆರಿಕನ್ ಆಲ್ಕೊ ಇಂಜಿನ್ನೊಂದರ ಹಳೆಯ ಎಚ್‌ಓ ಮಾದರಿಯ ಚಾಲನಾ ಭಾಗವನ್ನು ಹುಡುಕಿ, ಕವಚವನ್ನು ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಿಂದ ನೀವೇ ಕಟ್ಟಬೇಕು. ಹುಡ್ಡಿನಲ್ಲಿ ನೇರ ಗೋಡೆಗಳೇ ಹೆಚ್ಚಾದ್ದರಿಂದ ಹೊಸಬರಿಗೂ ಅದು ಅಸಾಧ್ಯವಲ್ಲ. 37ರ ಮೂತಿಯನ್ನು ಹಾಳೆಯಲ್ಲಿ ಕಟ್ಟಿ ಎಂದು ನಾನು ಯಾರಿಗೂ ಹೇಳಲಾರೆ. ನಮ್ಮ 1676 ಮಿ.ಮೀ. ಬ್ರಾಡ್‌ಗೇಜು ಎಚ್‌ಓ ಅಳತೆಗೆ 19.3 ಮಿ.ಮೀ. ಆಗಬೇಕು, ಸಿಗುವ ಹಳಿ 16.5 ಮಿ.ಮೀ. ಈ ಕೊರತೆಯನ್ನು ಒಪ್ಪಿಕೊಂಡು ಮುಂದೆ ಹೋಗುವುದೇ ವಿವೇಕ. ಹಳಿಯನ್ನೂ ಗಾಲಿಯನ್ನೂ ಹೊಸ ಅಳತೆಗೆ ಮಾಡಹೊರಟರೆ ಇಂಜಿನ್ ಮುಗಿಯುವುದಿಲ್ಲ. ಶೆಡ್ಡಿನೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಛಾಯಾಚಿತ್ರಗಳಿಗೆ ಮೇಲ್ಸೇತುವೆಯೇ ಒಳ್ಳೆಯ ಜಾಗ, ಏಕೆಂದರೆ ಮಾದರಿಯನ್ನು ನಾವು ಸದಾ ಮೇಲಿನಿಂದ ನೋಡುತ್ತೇವೆ; ಹುಡ್ಡಿನ ಮೇಲ್ಭಾಗ, ಹೊಗೆಕೊಳವೆಯ ಸ್ಥಾನ, ಫ್ಯಾನಿನ ಜಾಲರಿ ಇವೇ ನಿಮಗೆ ಮೊದಲು ಬೇಕಾಗುವ ಅಳತೆಗಳು.